ಕ್ರಿಸ್ಮಸ್ ತಾತ, ಹ್ಯಾಲೋವೀನ್, ಈಸ್ಟರ್ ಮೊಟ್ಟೆ: ಮಕ್ಕಳಿಗೆ ಏನು ಹೇಳುವುದು, ಹೇಗೆ ತೀರ್ಮಾನಿಸುವುದು?

ನಮ್ಮದು ಕ್ರೈಸ್ತ ಮನೆ. ಅಕ್ಟೋಬರ್ ಕೊನೆಯ ವಾರ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಮಕ್ಕಳಿಗೆ ಹ್ಯಾಲೋವೀನ್ ಪಾರ್ಟಿ, ಎಲ್ಲರೂ ವೇಷ ಹಾಕಿಕೊಂಡು ಬನ್ನಿ, ಪ್ರತಿ ಮನೆಯವರೂ ಬಾಗಿಲಲ್ಲಿ ಚಾಕೊಲೇಟ್ ಇಟ್ಟುಕೊಂಡಿರಿ ಅಂತ. ಮಗಳಿಗೆ ಆಗ 7 ವರ್ಷ. "ಅಮ್ಮಾ, ನಾನೂ ಹೋಗ್ಲಾ?" ಅಂದಳು. ನಾನು "ಬೇಡ" ಅಂದೆ. ಅದೇ ಹೊತ್ತಿಗೆ ನಮ್ಮವರು "ಹೋಗ್ಲಿ ಬಿಡು, ಏನಾಗುತ್ತೆ" ಅಂದರು. ಮಗು ನಮ್ಮಿಬ್ಬರ ಮುಖ ನೋಡುತ್ತಾ ನಿಂತಿತ್ತು.

ಕೊನೆಗೆ ನನ್ನ ಮಾತೇ ನಡೆಯಿತು. ಆ ಸಂಜೆ ಅವಳು ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಓಡಾಡುವ ಮಕ್ಕಳನ್ನು ನೋಡುತ್ತಾ ನಿಂತಿದ್ದಳು. "ಯಾಕೆ ಬೇಡ?" ಅಂತ ಎರಡು ಸಲ ಕೇಳಿದಳು. "ಅದು ನಮ್ಮದಲ್ಲ" ಅಂದೆ. ಆರು ವಾರ ಕಳೆಯುವುದರೊಳಗೆ ಅಂಗಡಿಯಿಂದ ಕೆಂಪು ಟೋಪಿ, ಕ್ರಿಸ್ಮಸ್ ತಾತನ ಗೊಂಬೆ ತಂದವಳೂ ನಾನೇ. ಅವಳು ಆ ಗೊಂಬೆ ಹಿಡಿದುಕೊಂಡು, "ಇದು ನಮ್ಮದಾ ಅಮ್ಮ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಡ ಅಂದದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಯೋಚನೆ ಮಾಡದೆ, ಕಾರಣ ಹೇಳದೆ ಬೇಡ ಅಂದೆನಲ್ಲ, ಅದಕ್ಕೆ ಬೇಸರವಿದೆ. ಅದಾಗಿ ನಾಲ್ಕು ವರ್ಷ ಆಯಿತು. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಕೂತು, ಜಗಳವಾಡಿ, ಓದಿ, ಪ್ರಾರ್ಥನೆ ಮಾಡಿ ಕಂಡುಕೊಂಡ ದಾರಿ ಇದು. ಅಂಗಡಿ, ಶಾಲೆ, ಟೀವಿ, ಅಪಾರ್ಟ್‌ಮೆಂಟಿನ ಮೂಲಕ ಮನೆಯೊಳಗೆ ಬರುವ ಪದ್ಧತಿಗಳ ಬಗ್ಗೆಯೇ ಇಲ್ಲಿ ಮುಖ್ಯವಾಗಿ ಬರೆಯುತ್ತೇನೆ.

ಹಂತ 1: ಗಂಡ ಹೆಂಡತಿ ಮೊದಲು ಕೂತು ಮಾತಾಡಿ, ಅದೂ ಜೂನ್‌ನಲ್ಲಿ

ಹಬ್ಬದ ಹಿಂದಿನ ದಿನ ತೀರ್ಮಾನ ಮಾಡಿದರೆ ಅದು ತೀರ್ಮಾನ ಆಗುವುದಿಲ್ಲ, ಜಗಳ ಆಗುತ್ತದೆ. ಅದಕ್ಕೇ ಶಾಲೆ ಶುರುವಾದ ಮೇಲೆ, ಯಾವ ಗಲಾಟೆಯೂ ಇಲ್ಲದ ಒಂದು ಸಂಜೆ ಆರಿಸಿಕೊಳ್ಳಿ. ಮಕ್ಕಳು ಮಲಗಿರಲಿ. ಒಂದು ಹಾಳೆಯಲ್ಲಿ ವರ್ಷದ ದಿನಗಳನ್ನು ಬರೆಯಿರಿ. ಅಕ್ಟೋಬರ್ 31, ಶಾಲೆಯ ಕ್ರಿಸ್ಮಸ್ ಕಾರ್ಯಕ್ರಮ, ಕ್ರಿಸ್ಮಸ್ ತಾತ, ಡಿಸೆಂಬರ್ 31ರ ರಾತ್ರಿ, ಫೆಬ್ರವರಿ 14, ಈಸ್ಟರ್ ಮೊಟ್ಟೆ. ನಿಮ್ಮ ಮನೆಗೆ ಬೇರೆ ಏನಾದರೂ ಬರುತ್ತಿದ್ದರೆ ಅದನ್ನೂ ಸೇರಿಸಿ.

ಪ್ರತಿಯೊಂದರ ಮುಂದೆ "ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ಏನು ಮಾಡುತ್ತಿದ್ದರು?" ಅಂತ ಇಬ್ಬರೂ ಹೇಳಿ. ಸರಿ ತಪ್ಪಿನ ಮಾತು ಅವತ್ತು ಬೇಡ. ನನ್ನ ತವರು ಉಡುಪಿ ಕಡೆಯ ಬಾಸೆಲ್ ಮಿಶನ್ (ಪ್ರಾಟೆಸ್ಟಂಟ್ ಮಿಶನರಿ ಸಂಸ್ಥೆ) ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ನಮ್ಮವರದು ಮಂಗಳೂರಿನ ಕ್ಯಾಥೊಲಿಕ್ ಮನೆ. ಅವರಿಗೆ ನವೆಂಬರ್ 1 ಸಕಲ ಸಂತರ ಹಬ್ಬ. ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು, ಮೊಂಬತ್ತಿ ಹಚ್ಚಿ, ಸತ್ತವರಿಗಾಗಿ ಪ್ರಾರ್ಥನೆ ಮಾಡುತ್ತಾರೆ. ನಮ್ಮ ಕಡೆ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲ. ಅಕ್ಟೋಬರ್ 31 ಅಂದರೆ ನನಗೆ ನೆನಪಾಗುವುದು 1517ರಲ್ಲಿ ಮಾರ್ಟಿನ್ ಲೂಥರ್ 95 ವಾದಗಳನ್ನು ಮುಂದಿಟ್ಟು ಪ್ರಾಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ದಿನ. ಒಂದೇ ವಾರದ ಬಗ್ಗೆ ಒಂದೇ ಮನೆಯಲ್ಲಿ ಇಷ್ಟು ಅಂತರ! ಅದು ಗೊತ್ತಾದ ಮೇಲೆ ಅವರು "ಹೋಗ್ಲಿ ಬಿಡು" ಅಂದದ್ದೂ, ನಾನು "ಬೇಡ" ಅಂದದ್ದೂ ಎಲ್ಲಿಂದ ಬಂತು ಅಂತ ಇಬ್ಬರಿಗೂ ಅರ್ಥವಾಯಿತು.

ಇಬ್ಬರೂ ಒಪ್ಪದ ವಿಷಯ ಉಳಿದರೆ? ಹೆಚ್ಚು ಅಳುಕು ಇರುವವರ ಮಾತಿಗೆ ಒಂದು ವರ್ಷ ಬಿಟ್ಟುಕೊಡಿ. ಮುಂದಿನ ಜೂನ್‌ನಲ್ಲಿ ಮತ್ತೆ ನೋಡಬಹುದು. ಮಕ್ಕಳ ಮುಂದೆ ಮಾತ್ರ ಒಂದೇ ಮಾತು ಇರಲಿ.

ಹಂತ 2: ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಬೇಡಿ

"ಅದು ಅನ್ಯರ ಹಬ್ಬ, ಮುಟ್ಟಬೇಡಿ" ಅಂತ ಒಬ್ಬರು ಹೇಳುತ್ತಾರೆ. "ಅದು ಮೂಲದಲ್ಲಿ ನಮ್ಮದೇ" ಅಂತ ಇನ್ನೊಬ್ಬರು. ಎರಡರಲ್ಲೂ ಅರ್ಧ ಸತ್ಯ ಇರುತ್ತದೆ. ಹ್ಯಾಲೋವೀನ್ ಅನ್ನುವ ಹೆಸರೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಅಂತ. ಜೊತೆಗೆ ಐರ್ಲೆಂಡಿನಲ್ಲಿ ಅದೇ ಹೊತ್ತಿಗೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹಳೆಯ ಹಬ್ಬವೊಂದಿತ್ತು. ಅಲ್ಲಿನವರು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ವಲಸೆ ಹೋದವರ ಜೊತೆ ಆ ಪದ್ಧತಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಗೆಡ್ಡೆಯ ಬದಲು ಕುಂಬಳಕಾಯಿ ಬಂತು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದಿರುವುದು ಆ ಅಮೆರಿಕದ ರೂಪ.

ಕ್ರಿಸ್ಮಸ್ಸನ್ನೇ ಬೇಡ ಅಂದ ಕ್ರೈಸ್ತರೂ ಇದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಪ್ಯೂರಿಟನ್ನರು ಅನ್ನುವ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು ಕ್ರಿಸ್ಮಸ್ ಆಚರಿಸಿದವರಿಗೆ ದಂಡ ಹಾಕುವ ಕಾನೂನು ಮಾಡಿದರು. ಅದು ರದ್ದಾದದ್ದು 1681ರಲ್ಲಿ. ಹೀಗೆ ಬೈಬಲ್ ಪ್ರೀತಿಸುವವರೇ ಈ ವಿಷಯದಲ್ಲಿ ನೂರಾರು ವರ್ಷಗಳಿಂದ ಬೇರೆ ಬೇರೆ ತೀರ್ಮಾನ ಮಾಡಿದ್ದಾರೆ.

ಮೂಲವೊಂದನ್ನೇ ನೋಡಿದರೆ ನಮ್ಮ ಕರಾವಳಿಯ ತೆನೆ ಹಬ್ಬವನ್ನೂ ಬಿಡಬೇಕಾಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಲ್ಲಿ ಮಕ್ಕಳು ಮರಿಯಮ್ಮನವರಿಗೆ ಹೂವು ಒಯ್ಯುತ್ತಾರೆ. ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿ ಕೊಡುತ್ತಾರೆ. ಮನೆಮಂದಿಯೆಲ್ಲ ಕೂತು ಹೊಸ ಅಕ್ಕಿ ತಿನ್ನುತ್ತಾರೆ. ತೆನೆ ಮನೆಗೆ ತರುವ ಪದ್ಧತಿ ಆ ಊರಿನ ಎಲ್ಲ ರೈತರದ್ದೂ ಹೌದು. ಆದರೆ ಅಲ್ಲಿ ಕೃತಜ್ಞತೆ ಯಾರಿಗೆ ಸಲ್ಲುತ್ತದೆ ಅನ್ನುವುದು ನಮ್ಮವರ ಅತ್ತೆಯಂದಿರಿಗೆ, ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೇ ಅಧ್ಯಾಯಗಳನ್ನು ಇಬ್ಬರೂ ಒಟ್ಟಿಗೆ ಓದಿ. ಸಂತೆಯಲ್ಲಿ ಮಾರುವ ಮಾಂಸ ವಿಗ್ರಹಕ್ಕೆ ಅರ್ಪಿಸಿದ್ದೋ ಅಂತ ವಿಚಾರಣೆ ಮಾಡದೆ ತಿನ್ನಿ ಅನ್ನುತ್ತಾನೆ. ವಿಗ್ರಹಾರಾಧನೆಯಲ್ಲಿ ಮಾತ್ರ ಪಾಲು ತೆಗೆದುಕೊಳ್ಳಬೇಡಿ ಅನ್ನುತ್ತಾನೆ. ಎಲ್ಲದಕ್ಕೂ ಸ್ವಾತಂತ್ರ್ಯ ಇದ್ದರೂ ಎಲ್ಲವೂ ಹಿತವಲ್ಲ ಅಂತಲೂ ಹೇಳುತ್ತಾನೆ. ಅದನ್ನು ಇಟ್ಟುಕೊಂಡು ನಾವು ಪ್ರತಿ ಪದ್ಧತಿಗೂ ನಾಲ್ಕು ಪ್ರಶ್ನೆ ಕೇಳುತ್ತೇವೆ. ಇದು ನನ್ನ ಮಗುವಿನಿಂದ ದೇವರಿಗೆ ಸಲ್ಲಬೇಕಾದದ್ದನ್ನು ಕೇಳುತ್ತದಾ? ನಾನು ಮಗುವಿಗೆ ಸುಳ್ಳು ಹೇಳಬೇಕಾಗುತ್ತದಾ? ಹೆದರಿಸುವುದು, ಹಿಂಸೆ, ಇನ್ನೊಬ್ಬರನ್ನು ಗೇಲಿ ಮಾಡುವುದು ಇದರಲ್ಲಿ ಇದೆಯಾ? ಯೇಸುವಿನ ಜನನ, ಪುನರುತ್ಥಾನ ಇದರ ಹಿಂದೆ ಮರೆಯಾಗುತ್ತದಾ? ಮೊದಲ ಪ್ರಶ್ನೆಗೆ ಹೌದು ಅಂತ ಬಂದರೆ ಮಾತು ಮುಗಿಯಿತು, ಬಿಡಿ. ಉಳಿದ ಮೂರರಲ್ಲಿ ತಿದ್ದಿಕೊಳ್ಳಲು ಎಷ್ಟೋ ಸಲ ಜಾಗ ಇರುತ್ತದೆ.

ಹಂತ 3: ಕ್ರಿಸ್ಮಸ್ ತಾತನ ವಿಷಯದಲ್ಲಿ ಸತ್ಯವನ್ನೇ ಹೇಳಿ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತಾತ ಮನೆಗೆ ಬರಲಿ, ಕುಣಿಯಲಿ, ಮಿಠಾಯಿ ಕೊಡಲಿ. ಅವನು ನಿಜವಾಗಿ ಉತ್ತರ ಧ್ರುವದಿಂದ ಬರುತ್ತಾನೆ, ರಾತ್ರಿ ಬಂದು ಉಡುಗೊರೆ ಇಟ್ಟು ಹೋಗುತ್ತಾನೆ ಅಂತ ಮಾತ್ರ ಹೇಳಬೇಡಿ. ಕಣ್ಣಿಗೆ ಕಾಣದ ದೇವರನ್ನು ನಂಬು ಅಂತ ಅದೇ ಮಗುವಿಗೆ, ಅದೇ ತಿಂಗಳಲ್ಲಿ, ಅದೇ ಬಾಯಲ್ಲಿ ಹೇಳುತ್ತಿದ್ದೇವೆ ಅಲ್ವಾ?

ನಮ್ಮ ಮಗಳು ಕಂಡುಹಿಡಿದದ್ದು ಚಪ್ಪಲಿಯಿಂದ. ಕ್ಯಾರಲ್ ತಂಡದ ಜೊತೆ ಕುಣಿಯುತ್ತಾ ಬಂದ ತಾತನ ಕಾಲಲ್ಲಿ ಅವಳ ಸಂಡೇ ಸ್ಕೂಲ್ ಟೀಚರ್ ದಿನಾ ಹಾಕುವ ಚಪ್ಪಲಿ ಇತ್ತು. ಅವಳು ಅಳಲಿಲ್ಲ. ಸುಮ್ನೆ ಒಳಗೆ ಹೋಗಿ ಕೂತಳು. ಮರುದಿನ, "ಹಾಗಾದರೆ ಕಳೆದ ವರ್ಷದ ಗೊಂಬೆ ಯಾರು ಕೊಟ್ಟಿದ್ದು? ನೀನು ತಾತ ಅಂದಿದ್ದೆ" ಅಂತ ಕೇಳಿದಳು. ನಾನು ಪಕ್ಕದಲ್ಲಿ ಕೂತು, "ಅಪ್ಪ ಅಮ್ಮ ಕೊಟ್ಟಿದ್ದು. ತಾತ ಅಂತ ಹೇಳಿದ್ದು ನನ್ನ ತಪ್ಪು ಮಗಳೇ, ಕ್ಷಮಿಸು" ಅಂದೆ. ನೀವೂ ಈಗಾಗಲೇ ಹೇಳಿಬಿಟ್ಟಿದ್ದರೆ ಹೀಗೇ ಮಾಡಿ. ಸುತ್ತಿ ಬಳಸಿ ಹೇಳಬೇಡಿ. ಡಿಸೆಂಬರ್ ಬರುವವರೆಗೆ ಕಾಯಲೂಬೇಡಿ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. "ಒಳ್ಳೆ ಹುಡುಗಿಯಾಗಿದ್ದರೆ ಮಾತ್ರ ತಾತ ಕೊಡ್ತಾನೆ" ಅಂತ ಎಲ್ಲರೂ ಹೇಳುತ್ತಾರೆ. ಕ್ರಿಸ್ಮಸ್ಸಿನ ಸುದ್ದಿ ಅದಕ್ಕೆ ಪೂರ್ತಿ ಉಲ್ಟಾ. ನಾವು ಒಳ್ಳೆಯವರಾಗಿರಲಿಲ್ಲ, ಆದರೂ ದೇವರು ಮಗನನ್ನು ಕೊಟ್ಟ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರದ) ಮುಂದೆ ಕೂರಿಸಿ ಕೃಪೆಯ ಮಾತು ಹೇಳಿ, ಆಮೇಲೆ ಒಳ್ಳೆಯತನಕ್ಕೆ ಲೆಕ್ಕ ಹಾಕಿ ಉಡುಗೊರೆ ಕೊಟ್ಟರೆ ಮಗು ಯಾವುದನ್ನು ನಂಬಬೇಕು? ನಮ್ಮ ಮನೆಯಲ್ಲಿ ಆ ಮಾತನ್ನು ಪೂರ್ತಿ ನಿಲ್ಲಿಸಿದ್ದೇವೆ. ವರ್ಷವಿಡೀ ತಂಟೆ ಮಾಡಿದ ಮಗುವಿಗೂ ಉಡುಗೊರೆ ಸಿಗುತ್ತದೆ.

ಹಾಗಾದರೆ ಏನು ಹೇಳುವುದು? 3-4 ವರ್ಷದ ಮಗುವಿಗೆ "ಇದು ವೇಷ, ಕೆಂಪು ಅಂಗಿ ಹಾಕಿದ ಅಂಕಲ್, ನಮ್ಮ ಜೊತೆ ಆಟ ಆಡೋಕೆ ಬಂದಿದ್ದಾರೆ" ಅಂದರೆ ಸಾಕು. ಆ ವಯಸ್ಸಿನ ಮಕ್ಕಳು ಆಟ ಅಂತ ಗೊತ್ತಿದ್ದೂ ಮನಸಾರೆ ಆಡುತ್ತಾರೆ. ಖುಷಿ ಏನೂ ಕಡಿಮೆಯಾಗುವುದಿಲ್ಲ. ಮಗು ಹೆದರಿ ಅತ್ತರೆ ಫೋಟೋಗಾಗಿ ತಾತನ ತೊಡೆ ಮೇಲೆ ಕೂರಿಸಬೇಡಿ. 5-6 ವರ್ಷಕ್ಕೆ ನಿಕೊಲಾಸರ ಕಥೆ ಹೇಳಿ. 4ನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಅನ್ನುವ ಊರಿನಲ್ಲಿ ಬಿಷಪ್ ಆಗಿದ್ದವರು. ಮೂವರು ಹೆಣ್ಣುಮಕ್ಕಳ ಬಡ ಅಪ್ಪನಿಗೆ ಮದುವೆ ಮಾಡಲು ದುಡ್ಡಿಲ್ಲದಾಗ, ಯಾರಿಗೂ ಕಾಣದಂತೆ ರಾತ್ರಿ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರು ಅನ್ನುವುದು ಅವರ ಬಗ್ಗೆ ಬಂದಿರುವ ಹಳೆಯ ಕಥೆ. ವರದಕ್ಷಿಣೆಯ ಮಾತು ಕೇಳಿ ಬೆಳೆದ ನಮಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಅವರ ದಿನ ಡಿಸೆಂಬರ್ 6.

8 ವರ್ಷ ದಾಟಿದವರಿಗೆ ಉಳಿದದ್ದನ್ನೂ ಹೇಳಬಹುದು. ಡಚ್ಚರು ನಿಕೊಲಾಸರನ್ನು ಸಿಂಟರ್‌ಕ್ಲಾಸ್ ಅಂದರು, ಅಮೆರಿಕದಲ್ಲಿ ಅದು ಸಾಂತಾ ಕ್ಲಾಸ್ ಆಯಿತು. 1823ರಲ್ಲಿ ಅಚ್ಚಾದ ಒಂದು ಪದ್ಯ ಅವನಿಗೆ ಎಂಟು ಹಿಮಸಾರಂಗಗಳ ಗಾಡಿ ಕೊಟ್ಟಿತು. 1863ರಿಂದ ಥಾಮಸ್ ನ್ಯಾಸ್ಟ್ ಅನ್ನುವ ಚಿತ್ರಕಾರ ದಪ್ಪ ಹೊಟ್ಟೆ, ಗಡ್ಡದ ರೂಪ ಬಿಡಿಸಿದರು. 1931ರಿಂದ ಕೋಕಾ ಕೋಲಾ ಜಾಹೀರಾತುಗಳು ಆ ರೂಪವನ್ನು ಊರೂರಿಗೆ ಹಬ್ಬಿಸಿದವು. ಮಗಳು ಇದನ್ನು ಕೇಳಿ ತುಂಬಾ ಖುಷಿಪಟ್ಟಳು. ಗುಟ್ಟು ಗೊತ್ತಿರುವವರ ಗುಂಪಿಗೆ ತನ್ನನ್ನೂ ಸೇರಿಸಿಕೊಂಡರು ಅನ್ನುವ ಖುಷಿ ಅದು.

ನಾವು ಈಗ ಡಿಸೆಂಬರ್ 5ರ ರಾತ್ರಿ ಬಾಗಿಲ ಬಳಿ ಶೂ ಇಡುತ್ತೇವೆ. ಬೆಳಗ್ಗೆ ಒಂದೊಂದು ಕಿತ್ತಳೆ ಹಣ್ಣು, ಸ್ವಲ್ಪ ಮಿಠಾಯಿ ಇರುತ್ತದೆ. ಇಟ್ಟವರು ಅಪ್ಪ ಅಂತ ಎಲ್ಲರಿಗೂ ಗೊತ್ತು. ಅದೇ ದಿನ ಮಕ್ಕಳೂ ಯಾರಿಗಾದರೂ ಹೆಸರು ಹೇಳದೆ ಏನಾದರೂ ಕೊಡಬೇಕು. ಕಳೆದ ವರ್ಷ ನಮ್ಮ ಕಟ್ಟಡದ ವಾಚ್‌ಮನ್ ಅಣ್ಣನ ಕುರ್ಚಿಯ ಮೇಲೆ ಒಂದು ಸ್ವೆಟರ್ ಇಟ್ಟು ಬಂದರು. ಮಗನಿಗೆ ಆಗ 5 ವರ್ಷ. ಗುಟ್ಟು ಬಿಡದೆ ಇರಲು ಅವನು ಪಟ್ಟ ಕಷ್ಟ ನೋಡಬೇಕಿತ್ತು.

ಒಂದು ಎಚ್ಚರಿಕೆ. ಸತ್ಯ ತಿಳಿದ ಮಗು ಶಾಲೆಯಲ್ಲಿ "ಸಾಂತಾ ಎಲ್ಲಾ ಸುಳ್ಳು" ಅಂತ ಡಂಗುರ ಹೊಡೆದರೆ ಇನ್ನೊಂದು ಮಗುವಿನ ಕಣ್ಣಲ್ಲಿ ನೀರು ಬರುತ್ತದೆ. "ಅದು ಅವರ ಅಪ್ಪ ಅಮ್ಮ ಹೇಳಬೇಕಾದ ಮಾತು. ನಿನ್ನನ್ನು ಕೇಳಿದರೆ ನಿಮ್ಮಮ್ಮನ್ನ ಕೇಳು ಅನ್ನು" ಅಂತ ಮೊದಲೇ ಹೇಳಿಕೊಡಿ.

ಹಂತ 4: ಹ್ಯಾಲೋವೀನ್‌ಗೆ ಬರೀ ಬೇಡ ಅನ್ನಬೇಡಿ

ನಮ್ಮ ನಾಲ್ಕು ಪ್ರಶ್ನೆಯಲ್ಲಿ ಇದು ಸಿಕ್ಕಿಬೀಳುವುದು ಮೂರನೆಯದರಲ್ಲಿ. ರಕ್ತ, ಅಸ್ಥಿಪಂಜರ, ದೆವ್ವದ ಮುಖವಾಡ, ಚಿಕ್ಕವರನ್ನು ಹೆದರಿಸಿ ನಗುವುದು ನಮಗೆ ಬೇಡ. ವೇಷ ಹಾಕುವುದು, ನೆರೆಮನೆಯ ಬಾಗಿಲು ತಟ್ಟುವುದು, ಮಿಠಾಯಿ ಹಂಚುವುದು ಬೇಡವಾ? ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನಮ್ಮ ಸಭೆಯಲ್ಲೇ ಕೆಲವರಿಗೆ ಕಾಣುತ್ತದೆ. ಆ ದಿನದ ಹೆಸರಿನಲ್ಲಿ ನಡೆಯುವ ಯಾವುದೂ ಬೇಡ ಅನ್ನುತ್ತಾರೆ. ಅವರ ಮನಸ್ಸಾಕ್ಷಿಯನ್ನು ನಾನು ಗೌರವಿಸುತ್ತೇನೆ.

ನೀವು ಪೂರ್ತಿ ಬಿಡುವುದಾದರೆ ಮಗುವನ್ನು ಬಾಲ್ಕನಿಯಲ್ಲಿ ನಿಲ್ಲಿಸಬೇಡಿ. ಅವತ್ತು ಸಂಜೆ ಹೊರಗೆ ಕರೆದುಕೊಂಡು ಹೋಗಿ, ಅಜ್ಜಿ ಮನೆಗಾದರೂ ಸರಿ. ಅಪಾರ್ಟ್‌ಮೆಂಟಿನವರಿಗೆ ಉಪದೇಶ ಬೇಡ. "ನಾವು ಈ ಸಲ ಇರೋದಿಲ್ಲ, ಮಕ್ಕಳಿಗೆ ಚಾಕೊಲೇಟ್ ಮಾತ್ರ ಕಳಿಸ್ತೀನಿ ಆಂಟಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸ್ವಲ್ಪ ಸೇರುವುದಾದರೆ ವೇಷವನ್ನು ನೀವು ಮಗುವಿನ ಜೊತೆ ಆರಿಸಿ. ರೈತ, ನರ್ಸ್, ಚಿಟ್ಟೆ, ಬೈಬಲಿನ ದಾವೀದ, ಎಸ್ತೇರ್ ರಾಣಿ, ಏನೂ ಆಗಬಹುದು. ನಮ್ಮ ಮಗಳು ಎರಡನೇ ವರ್ಷ ನೋಹನ ಹಡಗಿನ ಪಾರಿವಾಳ ಆಗಿದ್ದಳು, ಬಾಯಲ್ಲಿ ಬೇವಿನ ಎಲೆ, ಏಕೆಂದರೆ ಆಲಿವ್ ಎಲೆ ಸಿಗಲಿಲ್ಲ. ಹೆದರಿಸುವ ಆಟ ಶುರುವಾಗುವ ಮೊದಲೇ ವಾಪಸ್ ಬರುವ ಹೊತ್ತು ಹೇಳಿಟ್ಟಿದ್ದೆವು. ಮರುದಿನ ಅಪ್ಪ ಸಂತರ ಕಥೆ ಹೇಳುತ್ತಾರೆ, ನಾನು ಲೂಥರ್ ಕಥೆ ಹೇಳುತ್ತೇನೆ. ಸಾವಿನ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳು ಆ ವಾರ ತಾವಾಗೇ ಬರುತ್ತವೆ. ತಪ್ಪಿಸಿಕೊಳ್ಳದೆ ಉತ್ತರ ಹೇಳಿ.

ಹಂತ 5: ಈಸ್ಟರ್ ಮೊಟ್ಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

ಯುರೋಪಿನಲ್ಲಿ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ 40 ದಿನ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿ ಇಡುವುದನ್ನು ನಿಲ್ಲಿಸುತ್ತದಾ? ಈಸ್ಟರ್ ಹೊತ್ತಿಗೆ ಮೊಟ್ಟೆ ರಾಶಿ ಇರುತ್ತಿತ್ತು. ಬಣ್ಣ ಹಾಕಿ ಹಂಚಿದರು. ಆರ್ಥೊಡಾಕ್ಸ್ ಸಭೆಗಳಲ್ಲಿ ಕ್ರಿಸ್ತನ ರಕ್ತದ ನೆನಪಿಗೆ ಕೆಂಪು ಬಣ್ಣ ಹಾಕುತ್ತಾರೆ. ಮೊಟ್ಟೆ ತರುವ ಮೊಲ ಮಾತ್ರ ಜರ್ಮನಿಯಿಂದ ಬಂದ ಮಕ್ಕಳ ಕಥೆ. ಅದನ್ನು ಕಥೆ ಅಂತಲೇ ಹೇಳಿ. ನಮ್ಮ ನಿಯಮ ಒಂದೇ: ಶುಭ ಶುಕ್ರವಾರದ ಆರಾಧನೆಗೆ ಮಕ್ಕಳೂ ಬರಬೇಕು, ಬೇಕರಿಯ ಮೊಟ್ಟೆ ಭಾನುವಾರ ಬೆಳಗಿನ ಮೊದಲು ಮನೆಗೆ ಬರಬಾರದು.

ಹಂತ 6: ಅಜ್ಜಿ, ಶಾಲೆ, ನೆರೆಹೊರೆ

ಅಜ್ಜಿ ತಾತಂದಿರಿಗೆ ನಿಮ್ಮ ತೀರ್ಮಾನವನ್ನು ಫೋನ್ ಮಾಡಿ ಮೊದಲೇ ತಿಳಿಸಿ. ಮೊಮ್ಮಕ್ಕಳ ಮುಂದೆ ತಿದ್ದಿದರೆ ಅವರಿಗೆ ಅವಮಾನ ಆಗುತ್ತದೆ. ನನ್ನ ಅತ್ತೆಗೆ ತಾತನ ಕಥೆ ಇಷ್ಟ. "ಅತ್ತೆ, ಉಡುಗೊರೆ ಕೊಟ್ಟಿದ್ದು ಅಜ್ಜಿ ಅಂತ ಗೊತ್ತಾದರೆ ಅವರಿಗೆ ಇನ್ನೂ ಖುಷಿ" ಅಂದೆ. ಒಪ್ಪಿದರು. ಈಗ ಡಿಸೆಂಬರ್‌ನಲ್ಲಿ ಅವರ ಕೆಲಸ ಮಕ್ಕಳನ್ನು ಕೂರಿಸಿಕೊಂಡು ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವುದು. ಕಿಡಿಯೊ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುವುದು ಮಗನ ಪಾಲು, ನೆವ್ರಿ (ಕರ್ಜಿಕಾಯಿಯಂಥ ತಿಂಡಿ) ಮಡಚುವುದು ಮಗಳ ಪಾಲು.

ಶಾಲೆಯ ಕ್ರಿಸ್ಮಸ್ ಅಂದರೆ ಸಾಮಾನ್ಯವಾಗಿ ಕೆಂಪು ಟೋಪಿ ಮತ್ತು ಒಂದು ಕುಣಿತ. ತಪ್ಪೇನಲ್ಲ. ಟೀಚರ್ ಹತ್ತಿರ ಹೋಗಿ, ಯೇಸು ಹುಟ್ಟಿದ ಕಥೆಯನ್ನು ಐದು ನಿಮಿಷದ ನಾಟಕ ಮಾಡಿಸಬಹುದಾ, ಬಟ್ಟೆ ನಾನು ತರುತ್ತೇನೆ ಅಂತ ಕೇಳಿ. ನಾನು ಕೇಳಿದಾಗ ಟೀಚರ್ ಸಂತೋಷದಿಂದ ಒಪ್ಪಿದರು. ಮಗುವಿಗೂ ಒಂದು ವಾಕ್ಯ ಕಲಿಸಿಡಿ: "ನಮ್ಮನೇಲಿ ಕ್ರಿಸ್ಮಸ್ ಅಂದ್ರೆ ಯೇಸು ಹುಟ್ಟಿದ ದಿನ."

ಇನ್ನು ಯುಗಾದಿ, ದೀಪಾವಳಿ. ಇವು ನೆರೆಯವರ ಧರ್ಮದ ಹಬ್ಬಗಳು, ಕ್ರಿಸ್ಮಸ್ ತಾತನ ಸಾಲಿಗೆ ಸೇರಿಸಿ ನೋಡಬೇಡಿ. ನಾವು ಶುಭಾಶಯ ಹೇಳುತ್ತೇವೆ, ಊಟಕ್ಕೆ ಕರೆದರೆ ಹೋಗುತ್ತೇವೆ, ಪೂಜೆಯಲ್ಲಿ ಸೇರುವುದಿಲ್ಲ. ಅದನ್ನು ನಗುಮುಖದಿಂದ, ಮೊದಲೇ ಹೇಳಿರುತ್ತೇವೆ. ಅವರ ಹೋಳಿಗೆ ನಮ್ಮನೆಗೆ ಬರುತ್ತದೆ, ನಮ್ಮ ಕುಸ್ವಾರ್ ಅವರ ಮನೆಗೆ ಹೋಗುತ್ತದೆ. ಕುಸ್ವಾರ್ ತಟ್ಟೆ ಒಯ್ಯುವುದು ಮಕ್ಕಳ ಕೈಯಲ್ಲೇ ಆಗಲಿ.

ಹಂತ 7: ಒಂದನ್ನು ತೆಗೆದರೆ ಆ ಜಾಗದಲ್ಲಿ ಇನ್ನೊಂದನ್ನು ಇಡಿ

ಮಕ್ಕಳಿಗೆ ಕಾಯುವುದು ಬೇಕು, ಕೈಗೆ ಕೆಲಸ ಬೇಕು, ರಾತ್ರಿಯ ಬೆಳಕು ಬೇಕು. ಬರೀ ಖಾಲಿ ಬಿಟ್ಟರೆ ಅಂಗಡಿ ಬಂದು ತುಂಬುತ್ತದೆ.

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಖೆರ್ನ್ ಅನ್ನುವ ಪಾಸ್ಟರ್ ಬಡ ಮಕ್ಕಳ ಒಂದು ಮನೆ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಹಳೆಯ ಗಾಡಿ ಚಕ್ರಕ್ಕೆ ಮೊಂಬತ್ತಿ ಜೋಡಿಸಿ ದಿನಕ್ಕೊಂದು ಹಚ್ಚಿದರು. ಆಗಮನ ಕಾಲದ (ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ) ನಾಲ್ಕು ಮೊಂಬತ್ತಿಯ ಮಾಲೆ ಅಲ್ಲಿಂದ ಬೆಳೆದದ್ದು. ನಮ್ಮದು ಸ್ಟೀಲ್ ತಟ್ಟೆ, ನಾಲ್ಕು ಬಿಳಿ ಮೊಂಬತ್ತಿ. ಭಾನುವಾರ ಸಂಜೆ ಒಂದು ಹಚ್ಚಿ, ಒಂದು ಭಾಗ ಓದಿ, ಒಂದು ಹಾಡು. ಹತ್ತು ನಿಮಿಷ ಸಾಕು.

ಗೋದಲಿಯನ್ನು ಡಿಸೆಂಬರ್ ಶುರುವಿನಲ್ಲೇ ಕಟ್ಟಿ, ಆದರೆ ಮೇವಿನ ತೊಟ್ಟಿ ಖಾಲಿ ಇರಲಿ. ಮಗು ಇನ್ನೊಬ್ಬರಿಗಾಗಿ ಏನಾದರೂ ಮಾಡಿದ ದಿನ ಒಂದು ಹುಲ್ಲುಕಡ್ಡಿ ಅದರೊಳಗೆ ಇಡಲಿ. ಎಣಿಸಬೇಡಿ, ಯಾರದು ಜಾಸ್ತಿ ಅಂತ ಹೋಲಿಸಲೂಬೇಡಿ. 24ರ ರಾತ್ರಿ ಮನೆಯ ಚಿಕ್ಕವನು ಬಾಲಯೇಸುವನ್ನು ಮಲಗಿಸುತ್ತಾನೆ. ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಗೊಂಬೆಗಳು ನಮ್ಮಲ್ಲಿ ಅಡುಗೆಮನೆಯಿಂದ ಹೊರಟು, ದಿನಕ್ಕೆ ಸ್ವಲ್ಪ ಮುಂದೆ ಬಂದು, ಜನವರಿ 6ಕ್ಕೆ ತಲುಪುತ್ತವೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬಂದು ಮಕ್ಕಳ ಜೊತೆ ಬಿಸಿ ಬಿಸಿ ಹಾಲು, ಕೇಕ್. ಪಾರ್ಟಿಯ ನೆನಪೇ ಅವರಿಗೆ ಬರುವುದಿಲ್ಲ.

ಹಂತ 8: ಪ್ರತಿ ವರ್ಷ ಹಾಳೆ ತೆಗೆದು ನೋಡಿ

ಮಕ್ಕಳು ಬೆಳೆಯುತ್ತಾರೆ, ನಮ್ಮ ತಿಳಿವಳಿಕೆಯೂ ಬೆಳೆಯುತ್ತದೆ. ಇನ್ನೊಂದು ಕ್ರೈಸ್ತ ಮನೆಯವರು ಬೇರೆ ತೀರ್ಮಾನ ಮಾಡಿದ್ದರೆ ಮಗು ಕೇಳಿಯೇ ಕೇಳುತ್ತದೆ. ಆಗ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ ತೆಗೆಯಿರಿ. ಒಬ್ಬನು ಒಂದು ದಿನವನ್ನು ವಿಶೇಷ ಅನ್ನುತ್ತಾನೆ, ಇನ್ನೊಬ್ಬನು ಎಲ್ಲ ದಿನವೂ ಒಂದೇ ಅನ್ನುತ್ತಾನೆ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಅಂತ ಪೌಲ ಬರೆದಿದ್ದಾನೆ. "ಅವರೂ ಯೇಸುವನ್ನು ಪ್ರೀತಿಸ್ತಾರೆ, ಅದಕ್ಕೇ ಹಾಗೆ ಮಾಡ್ತಾರೆ. ನಾವೂ ಪ್ರೀತಿಸ್ತೀವಿ, ಅದಕ್ಕೇ ಹೀಗೆ ಮಾಡ್ತೀವಿ" ಅಂತ ಹೇಳಿ. ಆ ಮನೆಯವರ ಬಗ್ಗೆ ಊಟದ ಮೇಜಿನಲ್ಲಿ ಕೊಂಕು ಮಾತು ಬೇಡ.

ನಮ್ಮ ಹಾಳೆ ಫ್ರಿಜ್ಜಿನ ಬಾಗಿಲಲ್ಲಿದೆ. ನಾಲ್ಕು ವರ್ಷದಲ್ಲಿ ಎಷ್ಟೋ ಗೆರೆ ಹೊಡೆದು ತಿದ್ದಿದ್ದೇವೆ. ಫೆಬ್ರವರಿ 14ರ ಮುಂದೆ ಮಾತ್ರ ಇನ್ನೂ ಪ್ರಶ್ನೆ ಗುರುತು ಹಾಗೇ ಇದೆ. ಮಗಳಿಗೆ ಈಗ 11 ವರ್ಷ. ಈ ಜೂನ್‌ನಲ್ಲಿ ಅವಳು ಮಲಗಿದ ಮೇಲೆ ಅಲ್ಲ, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಕು ಅಂದುಕೊಂಡಿದ್ದೇವೆ.